ದೇವದುರ್ಗದ ಹಳೆಯ ಪುಟ

ನಮ್ಮ ಕಡೆ ಬಸ್ಸಿನ ಕಿಟಕಿಯೊಳಗೆ ಟವಲು ಎಸೆದವನದೇ ಸೀಟು. ಬಸ್ಸು ನಿಲ್ದಾಣಕ್ಕೆ ತಿರುಗುತ್ತಿರುವಾಗಲೇ ಜನ ಅದರ ಪಕ್ಕ ಓಡುತ್ತಾ ಕಿಟಕಿಯಿಂದ ಟವಲು, ಕೈಚೀಲ, ಒಮ್ಮೊಮ್ಮೆ ಕಾಲಿನ ಚಪ್ಪಲಿಯನ್ನೂ ಒಳಗೆ ಎಸೆಯುತ್ತಾರೆ. ಆಮೇಲೆ ಬಾಗಿಲಿನಿಂದ ಸಾವಕಾಶವಾಗಿ ಹತ್ತಿ ಬಂದು ತಮ್ಮ ಟವಲಿನ ಮೇಲೆ ಕೂರುತ್ತಾರೆ. ಇನ್ನೊಬ್ಬರ ಟವಲು ಸರಿಸಿ ಕೂತವನು ಏಟು ತಿಂದರೆ ಯಾರೂ ಅಯ್ಯೋ ಎನ್ನುವುದಿಲ್ಲ. ನಾನು ಖಾಸಗಿ ಬಸ್ಸಿನ ಕಂಡಕ್ಟರನಾಗಿದ್ದ ಕಾಲದಲ್ಲಿ ಆ ಏಟು ಕೊಡುವವನು ನಾನೇ. ಮಲ್ಲಟದ ದಾರಿಯಲ್ಲಿ ಒಬ್ಬನನ್ನು ಓಡುವ ಬಸ್ಸಿನ ಫುಟ್‌ಬೋರ್ಡಿನಿಂದ ಒದ್ದು ಕೆಳಗೆ ಬೀಳಿಸಿದ್ದೇನೆ. ಅವನು ಎದ್ದನೋ ಇಲ್ಲವೋ ಎಂದು ಹಿಂದಿರುಗಿ ನೋಡಲಿಲ್ಲ. ಸೀಟಿ ಊದಿದೆ, ಬಸ್ಸು ಹೋಯಿತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಾನು ಕಂಪ್ಯೂಟರಿನ ಮುಂದೆ ಕೂತು ಸೀಟು ಕಾಯ್ದಿರಿಸುವ ವೆಬ್‌ಸೈಟ್ ಮಾಡಿದಾಗಲೂ ನನ್ನ ತಲೆಯೊಳಗೆ ಇದ್ದದ್ದು ಈ ಟವಲೇ. ಅದರಿಂದ ನನ್ನ ಹೆಂಡತಿಯ ತಮ್ಮ ಬಲಗೈ ಕಳೆದುಕೊಂಡ. ಕೈಯ ಜೊತೆಗೆ ಹೆಸರನ್ನೂ ಕಳೆದುಕೊಂಡ. ಕೈ ಜನರಿಂದ ಹೋಯಿತು, ಹೆಸರು ನನ್ನ ಬಾಯಿಂದ ಹೋಯಿತು.

ಮಂಡಿಗಳು ಸೋತು ಬಸ್ಸಿನ ಮೆಟ್ಟಿಲು ಹತ್ತಲಾಗದೆ ಹೋದಾಗ ಮಾಲೀಕರು ನನ್ನನ್ನು ರಾಯಚೂರಿನ ಬುಕಿಂಗ್ ಅಂಗಡಿಯಲ್ಲಿ ಕೂರಿಸಿದರು. ನಮ್ಮವು ಬೆಂಗಳೂರಿಗೆ ದುಡಿಯಲು ಹೋಗುವವರ ಬಸ್ಸುಗಳು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ಜನ ಕಟ್ಟಡದ ಕೆಲಸಕ್ಕೆ ಗುಂಪುಗುಂಪಾಗಿ ಹೋಗುತ್ತಾರೆ. ಗುಂಪಿಗೊಬ್ಬ ಮೇಸ್ತ್ರಿ ಇರುತ್ತಾನೆ, ಎಲ್ಲರ ಸೀಟನ್ನೂ ಅವನೇ ಹಿಡಿಯುತ್ತಾನೆ. ರಾಯಚೂರು, ಮಾನ್ವಿ, ದೇವದುರ್ಗ, ಮೂರೂ ಕಡೆ ನಮ್ಮ ಬುಕಿಂಗ್ ಇತ್ತು. ದೇವದುರ್ಗದ್ದು ಬಸ್ ನಿಲ್ದಾಣದ ಹತ್ತಿರ ಒಂದೇ ಶಟರಿನ ಸಣ್ಣ ಮಳಿಗೆ. ಅದನ್ನು ನೋಡಿಕೊಳ್ಳುತ್ತಿದ್ದವನು ನನ್ನ ಹೆಂಡತಿಯ ತಮ್ಮ.

ಫೋನಿನಲ್ಲಿ ಸೀಟು ಹೇಳುವುದು, ಮರೆಯುವುದು, ಬೈಯುವುದು ಇದರಲ್ಲೇ ದಿನ ಹೋಗುತ್ತಿತ್ತು. ಮಾಲೀಕರಿಗೆ ವೆಬ್‌ಸೈಟ್ ಬೇಕೆನಿಸಿತು. ನಾನು ಹೈಸ್ಕೂಲು ಮುಗಿಸಿದವನು, ಆದರೆ ಹಟಮಾರಿ. ನಾನೇ ಮಾಡುತ್ತೇನೆ ಎಂದೆ. ಸ್ಟೇಷನ್ ರಸ್ತೆಯ ಒಬ್ಬ ಮಾಸ್ತರ ಹತ್ತಿರ ಕಲಿತು, ನಮ್ಮ ಅಂಗಡಿಯ ಕಂಪ್ಯೂಟರಿನ ಕೀಲಿಮಣೆಯನ್ನು ಮುಷ್ಟಿಯಿಂದ ಗುದ್ದಿ ಗುದ್ದಿ ಹಾಳುಮಾಡಿ, ಕೊನೆಗೆ ಪುಟವನ್ನು ಓಡಿಸಿದೆ.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪುಟ ತಯಾರಾಗುವುದು ಸರ್ವರ್ ಎಂಬ ದೂರದ ಯಂತ್ರದಲ್ಲಿ. ಅಲ್ಲಿ ಒಂದು ಅಚ್ಚು ಇರುತ್ತದೆ, ಟೆಂಪ್ಲೇಟ್ ಎನ್ನುತ್ತಾರೆ. ಯಾರಾದರೂ ಪುಟ ಕೇಳಿದಾಗ ಆ ಗಳಿಗೆಯ ಮಾಹಿತಿಯನ್ನು ಅಚ್ಚಿನಲ್ಲಿ ತುಂಬಿ ಕಳಿಸುತ್ತದೆ. ಪುಟ ಬಂದು ಮುಟ್ಟಿದ ಮೇಲೆ ನೋಡುವವನ ಕಂಪ್ಯೂಟರಿನೊಳಗೆ ಓಡುವುದು ಸ್ಕ್ರಿಪ್ಟ್. ಸೀಟಿನ ಚಿತ್ರದ ಮೇಲೆ ಒತ್ತಿದರೆ ಅದು ಕೆಂಪಾಗಬೇಕು ಎನ್ನುವಂಥದ್ದೆಲ್ಲ ಅದರ ಕೆಲಸ. ಅಚ್ಚು ಇರುವುದು ಅಲ್ಲಿ, ಸ್ಕ್ರಿಪ್ಟ್ ಓಡುವುದು ಇಲ್ಲಿ. ನಾನು ಎರಡನ್ನೂ ಒಂದೇ ಫೈಲಿನಲ್ಲಿ ಕಲಸಿದೆ. ಮಾರಿಹೋದ ಸೀಟುಗಳನ್ನು ಅಚ್ಚು ಸ್ಕ್ರಿಪ್ಟಿನ ಸಾಲುಗಳ ನಡುವೆಯೇ ಬರೆದು ಕಳಿಸುತ್ತಿತ್ತು. ಹಾಗಾಗಿ ಬೆಳಿಗ್ಗೆ ಪುಟ ತೆರೆದಾಗ ಖಾಲಿ ಇದ್ದ ಸೀಟು, ಆ ಪುಟವನ್ನು ಮುಚ್ಚಿ ತೆರೆಯುವವರೆಗೂ ಖಾಲಿಯೇ. ಸೀಟು ಹೋಗಿದೆಯೋ ಇಲ್ಲವೋ ನೋಡುವ ಕೆಲಸವನ್ನೂ ಸ್ಕ್ರಿಪ್ಟಿಗೇ ಬಿಟ್ಟಿದ್ದೆ. ಸರ್ವರ್ ಏನನ್ನೂ ವಿಚಾರಿಸದೆ ಬಂದದ್ದನ್ನು ಬರೆದುಕೊಳ್ಳುತ್ತಿತ್ತು. ಪರದೆಯ ಮೇಲೆ ಒತ್ತಿದವನು ಟವಲು ಹಾಕಿದ, ಮುಗಿಯಿತು. ಇಷ್ಟೇ ನನ್ನ ತಿಳುವಳಿಕೆ. ಬಸ್ಸಿನೊಳಗೆ ಬಿದ್ದ ಟವಲು ಎಲ್ಲರ ಕಣ್ಣಿಗೂ ಕಾಣುತ್ತದೆ, ನಾನು ಮಾಡಿದ ಟವಲು ಎಸೆದವನ ಪರದೆಯಲ್ಲಿ ಮಾತ್ರ ಇರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಆ ಒಂದು ಪುಟವನ್ನೇ ನಕಲು ಮಾಡಿ ಮಾನ್ವಿಗೊಂದು, ದೇವದುರ್ಗಕ್ಕೊಂದು ಮಾಡಿದೆ. ಮೊದಮೊದಲು ಊರಿಗೊಂದು ಪಾಲು ಸೀಟು ಬಿಟ್ಟಿದ್ದರಿಂದ ತೊಂದರೆ ಬರಲಿಲ್ಲ. ಆಮೇಲೆ ಮಾಲೀಕರು ಪಾಲು ತೆಗೆದರು. ಯಾವ ಊರಿನವರು ಬೇಕಾದರೂ ಯಾವ ಸೀಟನ್ನಾದರೂ ಹಿಡಿಯಬಹುದು ಎಂದಾಯಿತು.

ಅಷ್ಟರಲ್ಲಿ ನನ್ನ ಮಗಳು ಕಂಪ್ಯೂಟರ್ ಡಿಗ್ರಿ ಮುಗಿಸಿ ಅಂಗಡಿಗೆ ಬರತೊಡಗಿದ್ದಳು. ನನ್ನ ಫೈಲು ತೆರೆದವಳೇ ಗಿರಾಕಿಗಳೆದುರಿಗೇ ಹಣೆ ಹಣೆ ಬಡಿದುಕೊಂಡಳು.

"ಯಪ್ಪಾ, ಇದೇನಿದು? ಪುಟದಾಗ ಸ್ಕ್ರಿಪ್ಟು, ಸ್ಕ್ರಿಪ್ಟಿನ್ಯಾಗ ಪುಟ. ರೊಟ್ಟಿ ಹಿಟ್ಟಿನ್ಯಾಗ ಪಲ್ಯ ಕಲಸಿ ಬಡದಂಗ ಆಗ್ಯದ."

"ಹೊಟ್ಟ್ಯಾಗ ಹೋದಮ್ಯಾಲ ಎಲ್ಲಾ ಒಂದೇ ಅಲ್ಲೇನಬೇ?" ಎಂದೆ.

"ಹೊಟ್ಟಿತನಾ ಎಲ್ಲಿ ಹೋಗ್ತದ? ಹೆಂಚಿನ ಮ್ಯಾಲ ಹರದು ಹೋಗ್ತದ."

ಟಿಕೆಟಿಗೆ ಬಂದವರು ನಕ್ಕರು. ನಾನೂ ನಕ್ಕೆ. ಒಳಗೆ ಉರಿಯಿತು.

ಅವಳು ಕೂತು ಬಿಡಿಸಿದಳು. ಮೂರೂ ಪುಟಗಳ ಹೊಟ್ಟೆಯಿಂದ ಸ್ಕ್ರಿಪ್ಟನ್ನು ಹೊರಗೆ ತೆಗೆದು ಒಂದೇ ಬೇರೆ ಫೈಲು ಮಾಡಿದಳು. ಅಚ್ಚಿನಲ್ಲಿ ಬರೀ ಸೀಟಿನ ಮನೆಗಳು ಉಳಿದವು. ಯಾರಾದರೂ ಒಂದು ಸೀಟನ್ನು ಒತ್ತಿದರೆ ಸ್ಕ್ರಿಪ್ಟ್ ಆ ಗಳಿಗೆಯಲ್ಲೇ ಸರ್ವರನ್ನು ಕೇಳಬೇಕು, ಸರ್ವರ್ ನೋಡಿ ಹೌದು ಅಥವಾ ಇಲ್ಲ ಎನ್ನಬೇಕು. "ಒಂದು ಕಡಿ ತಿದ್ದಿದ್ರ ಮೂರೂ ಊರಿಗೆ ತಿದ್ದಿದಂಗ ಯಪ್ಪಾ" ಎಂದಳು. ರಾಯಚೂರಿನ ಪುಟ ಬದಲಾಯಿತು, ಮಾನ್ವಿಯದೂ ಬದಲಾಯಿತು. ಎರಡೂ ಚೆನ್ನಾಗಿ ಓಡಿದವು. ಮಾಲೀಕರು ಫೋನು ಮಾಡಿ ಅವಳನ್ನು ಹೊಗಳಿದರು. ನನಗೆ ಅದು ಕಪಾಳಕ್ಕೆ ಬಿದ್ದ ಏಟಿನ ಹಾಗಾಯಿತು.

ದೇವದುರ್ಗದ ಪುಟ ಬದಲಾಯಿಸಿದ್ದು ಮೊಹರಮ್ಮಿನ ಹೊತ್ತಿಗೆ. ಅಲ್ಲಿಯವರೆಗೆ ಬಸ್ಸುಗಳು ಅರ್ಧ ಖಾಲಿ ಓಡುತ್ತಿದ್ದುದರಿಂದ ಅಲ್ಲಿನ ಹಳೆಯ ಪುಟ ಸಿಕ್ಕಿಬಿದ್ದಿರಲಿಲ್ಲ. ನಮ್ಮ ಜನ ದೀಪಾವಳಿಗೆ ಬರದಿದ್ದರೂ ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಊರಿಗೆ ಬರುತ್ತಾರೆ. ಅಲಾಯಿ ದೇವರುಗಳನ್ನು ಹೊಳೆಗೆ ಕಳಿಸಿದ ಮರುದಿನದಿಂದ ಬೆಂಗಳೂರಿನ ಬಸ್ಸುಗಳಿಗೆ ಯುದ್ಧ. ಆ ದಿನ ಬೆಳಿಗ್ಗೆ ದೇವದುರ್ಗದಿಂದ ಫೋನು ಬಂತು. ನನ್ನ ಹೆಂಡತಿಯ ತಮ್ಮ ನಗಿಸದೆ ಮಾತಾಡುವವನಲ್ಲ.

"ಮಾವಾ, ನಿಮ್ಮ ಹೊಸಾ ಪೇಜು ಗಂಜಿ ಹಾಕಿದ ಧೋತರದಂಗ ಬೆಳ್ಳಗ ಆಗ್ಯದ. ಸೀಟು ಒಂದೂ ಕಾಣವಲ್ದು. ಮುಂದ ಜನ ನಿಂತಾರ, ನನ್ನ ಮಾರಿ ನೋಡಾಕತ್ತಾರ."

ಅಲ್ಲಿ ಸಿಗ್ನಲ್ ಬಹಳ ಸಣ್ಣದು. ಬೇರೆ ಮಾಡಿದ ಸ್ಕ್ರಿಪ್ಟಿನ ಫೈಲು ಮೊದಲ ಸಲ ಇಳಿದು ಬರಲು ತಡವಾಗುತ್ತಿತ್ತು, ಅದು ಬರುವ ತನಕ ಪುಟ ಬಿಳಿ. ಒಮ್ಮೆ ಬಂದರೆ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಮುಂದೆ ತಡವಾಗುವುದಿಲ್ಲ. ಮಗಳು ಇದನ್ನೇ ಹೇಳಿದಳು.

"ಸ್ವಲ್ಪ ತಡಿ ಯಪ್ಪಾ, ಬರ್ತದ. ಇಲ್ಲಂದ್ರ ಅರ್ಧಾ ತಾಸು ಕೊಡು, ಫೈಲು ಸಣ್ಣದು ಮಾಡ್ತೀನಿ."

"ಜನ ನಿಂತಾರಬೇ ಅಲ್ಲಿ. ನಂದು ಹಳೇದು ಹಾಕ್ತೀನಿ, ಏಳು."

"ಹಳೇದು ಹಾಕಬ್ಯಾಡ. ಈ ಎರಡು ಊರಾಗ ಹೊಸಾದು, ಅಲ್ಲಿ ಒಂದ ಹಳೇದು ಅಂದ್ರ ಒಂದ ಸೀಟು ಎರಡು ಕಡಿ ಹೋಗ್ತದ. ನಿನ್ನ ಪುಟ ಯಾರನ್ನೂ ಕೇಳಂಗಿಲ್ಲ."

"ನನಗ ಹೇಳಾಕ ಬಂದಿ?"

"ತಿಳೀಲಿಲ್ಲಂದ್ರ ಹೇಳಬೇಕಾಗ್ತದ."

ಹೊಡೆದೆ. ಕಂಡಕ್ಟರನ ಏಟು ಅದು. ಅಂಗೈ ಪೂರ್ತಿ ಅವಳ ಎಡಗಿವಿಯ ಮೇಲೆ ಕೂತಿತು. ಕುರ್ಚಿಯ ಸಮೇತ ಬಿದ್ದು ಕೌಂಟರಿನ ಗಾಜಿಗೆ ತಲೆ ಬಡಿಯಿತು. ಗಾಜು ಸೀಳಿತು. ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು, "ಬೆಳದ ಹುಡುಗಿಗೆ ಹಂಗ ಹೊಡೀತಾರೇನ್ರೀ, ಕೈ ಸೇದಿ ಹೋಗಲಿ ನಿಮ್ದು" ಎಂದು ಕೂಗಿದಳು. ಮಗಳು ಅಳಲಿಲ್ಲ. ಕಿವಿಯಿಂದ ತೆಳ್ಳಗೆ ರಕ್ತ ಬರುತ್ತಿತ್ತು. ಓಢಣಿಯ ತುದಿ ಒತ್ತಿಕೊಂಡು ಮನೆಗೆ ಹೋದಳು. ಅವಳು ಎದ್ದು ಹೋದ ಕುರ್ಚಿಯನ್ನು ಎತ್ತಿ ಹಾಕಿ ನಾನು ಕೂತೆ, ಅವಳ ದೇವದುರ್ಗದ ಪುಟದ ಮೇಲೆ ನನ್ನ ಹಳೆಯದನ್ನು ಹಾಕಿದೆ. ಆ ಕಡೆಯಿಂದ "ಬಂತು ಮಾವಾ, ಬಂತು! ನೀನ ಹುಲಿ" ಎಂದು ಫೋನಿನಲ್ಲಿ ಕೂಗಿದ. ಹುಲಿ ಎಂದದ್ದು ನನಗೆ ಬಹಳ ಹಿಡಿಸಿತು.

ಅವನು ಪುಟವನ್ನು ಮತ್ತೆ ಮುಚ್ಚಲಿಲ್ಲ. ಮುಚ್ಚಿದರೆ ಇನ್ನೊಮ್ಮೆ ತೆರೆಯುವಷ್ಟರಲ್ಲಿ ಹೊತ್ತಾಗುತ್ತದೆ ಎಂದು ಬೆಳಿಗ್ಗೆ ತೆರೆದದ್ದರ ಮೇಲೆಯೇ ಟಿಕೆಟು ಕೊಡುತ್ತಾ ಹೋದ. ಅವನದೇನೂ ತಪ್ಪಿಲ್ಲ, ಹಾಗೆ ಮಾಡು ಎಂದು ಹಿಂದೆ ಕಲಿಸಿದವನು ನಾನೇ. ಮಧ್ಯಾಹ್ನ ದೇವದುರ್ಗ ಕಡೆಯ ಒಬ್ಬ ಮೇಸ್ತ್ರಿ ಸಾಮಾನು ಕೊಳ್ಳಲು ರಾಯಚೂರಿಗೆ ಬಂದವನು ನಮ್ಮ ಅಂಗಡಿಯಲ್ಲೇ ತನ್ನ ಗುಂಪಿನ ಸೀಟು ಹಿಡಿದ. ನಾನೇ ಹೊಸ ಪುಟದಲ್ಲಿ ಒತ್ತಿಕೊಟ್ಟೆ. ಸರ್ವರ್ ನೋಡಿತು, ಖಾಲಿ ಎಂದಿತು, ಬರೆದುಕೊಂಡಿತು. ದೇವದುರ್ಗದ ಪರದೆಗೆ ಮಾತ್ರ ಆ ಸುದ್ದಿ ಹೋಗಲಿಲ್ಲ. ಅಲ್ಲಿ ಇನ್ನೊಂದು ಗುಂಪು ಬಂದು ಅದೇ ಸೀಟುಗಳನ್ನು ಹಿಡಿಯಿತು.

ಇಳಿಹೊತ್ತಿಗೆ ಮತ್ತೆ ಫೋನು. ಈಗ ನಗೆ ಇರಲಿಲ್ಲ. ಹಿಂದೆ ಗಾಜು ಒಡೆಯುವ ಸದ್ದು.

"ಮಾವಾ, ಜಲ್ದಿ ಬಾ. ಕಡದಾಡಾಕತ್ತಾರ. ಎರಡೂ ಗುಂಪಿನ ಕೈಯಾಗ ಅವೇ ಸೀಟು ಅದಾವ. ನನ್ನ ಪೇಜಿನ್ಯಾಗ ಖಾಲಿ ತೋರಿಸಿತ್ತು ಮಾವಾ, ನೀನ ಬಂದು ಹೇಳು ಇವರಿಗೆ."

ಮೋಟರ್‌ಸೈಕಲ್ ಹತ್ತಿದೆ. ಗಬ್ಬೂರು ದಾಟುವ ಹೊತ್ತಿಗೆ ಮಗಳ ಮಾತು ನನ್ನ ತಲೆಯಲ್ಲಿ ತಾನಾಗಿ ಬಿಚ್ಚಿಕೊಂಡಿತು. ಒಂದ ಸೀಟು ಎರಡು ಕಡಿ ಹೋಗ್ತದ. ನಿನ್ನ ಪುಟ ಯಾರನ್ನೂ ಕೇಳಂಗಿಲ್ಲ. ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗಾಯಿತು. ಪಶ್ಚಾತ್ತಾಪ ಆಗ ಬರಲಿಲ್ಲ. ಸಿಟ್ಟು ಬಂತು, ಮಗಳ ಮೇಲೆ, ಸಿಗ್ನಲ್ಲಿನ ಮೇಲೆ, ಪುಟ ಮುಚ್ಚದೆ ಕೂತ ಹೆಂಡತಿಯ ತಮ್ಮನ ಮೇಲೆ. ಉಳಿದ ದಾರಿಯಲ್ಲಿ ನಾನು ಯೋಚಿಸಿದ್ದು ಒಂದನ್ನೇ: ಈ ತಪ್ಪು ಯಾರ ತಲೆಗೆ ಕಟ್ಟಿದರೆ ನಿಲ್ಲುತ್ತದೆ?

ದೇವದುರ್ಗದ ನಿಲ್ದಾಣದ ಹತ್ತಿರ ನಮ್ಮ ಬಸ್ಸಿನ ಮುಂದಿನ ಗಾಜು ಪುಡಿಪುಡಿಯಾಗಿ ರಸ್ತೆಯ ಮೇಲೆ ಬಿದ್ದಿತ್ತು. ಗಂಡಸರು ಕಿಟಕಿಗಳಿಂದ ಒಳಗೆ ಕೈಹಾಕಿ ಕೂತವರ ಜುಟ್ಟು ಹಿಡಿದು ಎಳೆಯುತ್ತಿದ್ದರು. ಒಳಗಿದ್ದವರು ಆ ಕೈಗಳನ್ನು ಕಚ್ಚುತ್ತಿದ್ದರು. ಹಾಸಿಗೆಯ ಗಂಟುಗಳು ಬಿಚ್ಚಿ ಪಾತ್ರೆಗಳು ಚರಂಡಿಗೆ ಉರುಳಿದ್ದವು. ಒಬ್ಬ ಮುದುಕಿಯ ಹಣೆಗೆ ಕಲ್ಲು ಬಿದ್ದು ಸೀರೆಯ ಮೇಲೆಲ್ಲ ರಕ್ತ. ಅವಳು ಅದನ್ನು ಒರೆಸಿಕೊಳ್ಳದೆ ಎದುರು ಗುಂಪಿನ ಹೆಂಗಸಿನ ಕೂದಲನ್ನು ಬಿಡದೆ ಹಿಡಿದಿದ್ದಳು. ಡ್ರೈವರ್ ಜಾಕಿನ ರಾಡು ಹಿಡಿದು ಬಾಗಿಲಲ್ಲಿ ನಿಂತು ಹತ್ತಿರ ಬಂದವರಿಗೆಲ್ಲ ಬೀಸುತ್ತಿದ್ದ.

ಹೆಂಡತಿಯ ತಮ್ಮ ಮಳಿಗೆಯ ಶಟರಿನ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಅಂಗಿ ಹರಿದಿತ್ತು, ತುಟಿ ಒಡೆದಿತ್ತು. ಅಷ್ಟಾದರೂ ಆಗ ಅವನಿಗೆ ದೊಡ್ಡ ಪೆಟ್ಟೇನೂ ಬಿದ್ದಿರಲಿಲ್ಲ. ನನ್ನನ್ನು ಕಂಡವನೇ ಮುಖ ಅರಳಿಸಿ, "ನಮ್ಮ ಮಾವ ಬಂದ ನೋಡ್ರಿ. ಮಾಡಿದವ ಅವನ. ಅವನ ಹೇಳ್ತಾನ" ಎಂದ.

ರಾಯಚೂರಿನಲ್ಲಿ ಸೀಟು ಹಿಡಿದಿದ್ದ ಮೇಸ್ತ್ರಿ ನನ್ನ ಕಾಲರು ಹಿಡಿದು ಎಳೆದ. ಎತ್ತರದ ಆಳು, ಕಣ್ಣುಗಳು ಕೆಂಡ.

"ನನಗ ಟಿಕೇಟು ಕೊಟ್ಟಾವ ನೀನ ಹೌದಿಲ್ಲೋ? ಹೇಳು. ಗಲ್ತಿ ಯಾರದು? ನಿಂದೋ, ನಿನ್ನ ಪೇಜಿಂದೋ, ಇವಂದೋ?"

ಪುಟದ್ದು ಎಂದರೆ ನನ್ನದೇ ಎಂದ ಹಾಗೆ. ಅವನ ಹಿಂದೆ ನಿಂತವರ ಕೈಯಲ್ಲಿ ಕಲ್ಲುಗಳಿದ್ದವು. ನಾನು ಮೇಸ್ತ್ರಿಯ ಕೈ ಬಿಡಿಸಿಕೊಂಡು ಎರಡು ಹೆಜ್ಜೆ ಮುಂದೆ ಹೋಗಿ, ನನ್ನ ಕಡೆ ನೋಡುತ್ತಾ ಕೂತಿದ್ದ ಹೆಂಡತಿಯ ತಮ್ಮನ ಮುಖಕ್ಕೆ ಬಾರಿಸಿದೆ.

"ಎರಡು ಸಲ ಮಾರಿ ತಿಂದೇನಲೇ, ಮಗನ!"

ಅವನು ಕೈ ಅಡ್ಡ ಹಿಡಿಯಲಿಲ್ಲ. ನಾನು ಹೊಡೆಯುತ್ತೇನೆಂದು ಅವನಿಗೆ ಅನಿಸಿರಲೇ ಇಲ್ಲ. "ಮಾವಾ" ಎಂದ, ಅಷ್ಟೇ. ಅಷ್ಟು ಹೊತ್ತು ಜನರಿಗೆ ಅನುಮಾನವಿತ್ತು. ನನ್ನ ಏಟು ಅದನ್ನು ತೆಗೆದುಹಾಕಿತು. ಮನೆಯವನೇ ಹೊಡೆದ ಮೇಲೆ ಇನ್ನೇನು? ಎರಡೂ ಗುಂಪು ತಮ್ಮ ಜಗಳ ಮರೆತು ಒಟ್ಟಾಗಿ ಅವನ ಮೇಲೆ ಬಿದ್ದವು. ಚಪ್ಪಲಿಯಲ್ಲಿ, ಕಲ್ಲಿನಲ್ಲಿ, ಅವನದೇ ಸ್ಟೂಲಿನಲ್ಲಿ ಹೊಡೆದರು. ಕಂಪ್ಯೂಟರನ್ನು ಎತ್ತಿ ಅವನ ಬೆನ್ನಿನ ಮೇಲೆ ಹಾಕಿದರು. ಕೊನೆಗೆ ಮೇಸ್ತ್ರಿ ಅವನ ಬಲಗೈ ಎಳೆದು, "ಈ ಕೈಲೇ ಒತ್ತಿದಿ ಹೌದಿಲ್ಲೋ?" ಎಂದು ಶಟರಿನ ಹೊಸ್ತಿಲ ಮೇಲೆ ಬೂಟುಗಾಲಿನಿಂದ ಅದುಮಿ ಹಿಡಿದ. ಶಟರು ಎಳೆದವರು ಯಾರೆಂದು ನಾನು ನೋಡಲಿಲ್ಲ. ಸದ್ದು ಕೇಳಿದೆ. ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದಲ್ಲ ಅದು.

ಈ ಹೊತ್ತೆಲ್ಲ ನಾನು ಬಸ್ಸಿಗೆ ಬೆನ್ನು ಕೊಟ್ಟು ನಿಂತಿದ್ದೆ. ಯಾರೂ ನನ್ನನ್ನು ಮುಟ್ಟಲಿಲ್ಲ.

ರಾಯಚೂರಿನ ದೊಡ್ಡಾಸ್ಪತ್ರೆಯಲ್ಲಿ ಅವನ ಎರಡು ಬೆರಳು ತೆಗೆದರು. ಉಳಿದವು ಮಡಚದೆ ಒಣ ಕಡ್ಡಿಗಳ ಹಾಗೆ ಉಳಿದವು. ಎಚ್ಚರವಾದಾಗ ಪಕ್ಕದಲ್ಲಿ ಕೂತಿದ್ದವನು ನಾನು. ಅವನು ನನ್ನನ್ನು ಬೈಯಲಿಲ್ಲ. ಪಟ್ಟಿ ಸುತ್ತಿದ ಕೈಯನ್ನೇ ನೋಡುತ್ತಾ ಕೇಳಿದ:

"ಮಾವಾ, ಖರೇ ಹೇಳು. ನಾ ಎರಡು ಸಲ ಮಾರಿದ್ನೇನು? ನನಗ ನೆಪ್ಪಿಲ್ಲ. ಗದ್ದಲದಾಗ ಕೈ ತಪ್ಪಿ ಒತ್ತಿದ್ನೇನೋ."

ಹೇಳಬೇಕಾದ ಮಾತು ನನ್ನ ಬಾಯಲ್ಲೇ ಇತ್ತು. "ಆಗಿದ್ದು ಆಗಿ ಹೋತು, ಮಲಕೋ" ಎಂದೆ.

ಆ ಹೊತ್ತಿಗಾಗಲೇ ನಾನು ಸರ್ವರಿನಿಂದ ಹಳೆಯ ಪುಟವನ್ನು ಅಳಿಸಿ, ಮಗಳು ಮಾಡಿದ್ದ ದೇವದುರ್ಗದ ಪುಟವನ್ನು ತಿರುಗಿ ಹಾಕಿಯಾಗಿತ್ತು. ಅವಳು ಬಂದು ನೋಡಿದಾಗ ಎಲ್ಲ ನೆಟ್ಟಗಿತ್ತು. ಆದರೂ ಅವಳಿಗೆ ತಿಳಿಯದೆ ಇರುತ್ತದೆಯೇ? ಕಿವಿಗೆ ಹತ್ತಿ ಇಟ್ಟುಕೊಂಡೇ ಆಸ್ಪತ್ರೆಗೆ ಹೋಗಿ ಸೋದರಮಾವನ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಅವಳ ತಲೆ ಸವರಿ, "ಸುಮ್ನಿರವ್ವಾ. ಏಟು ತಿಂದ ಸಿಟ್ಟಿಗೆ ಅಪ್ಪನ ಮ್ಯಾಲ ಹಂಗ ಹೇಳಬಾರದು. ನಿಮ್ಮಪ್ಪ ನನಗ ಹಂಗ ಮಾಡಂಗಿಲ್ಲ" ಎಂದನಂತೆ. ನನ್ನ ಹೆಂಡತಿಯೂ ಮಗಳನ್ನು ನಂಬಲಿಲ್ಲ. ನನ್ನನ್ನು ನಂಬಿದಳು. ತನ್ನ ತಮ್ಮ ಬಡವರ ಸೀಟು ಎರಡು ಸಲ ಮಾರಿದ ಎಂಬ ನಾಚಿಕೆಗೆ ಅವನೊಂದಿಗೆ ಮಾತು ಬಿಟ್ಟಳು.

ಮಗಳು ಮನೆಯಲ್ಲಿ ಉಳಿಯಲಿಲ್ಲ. ಮಾನ್ವಿಯಲ್ಲಿ ಕೆಲಸ ಹಿಡಿದು ಅಲ್ಲೇ ನೆಲೆಯಾದಳು. ಈಗಲೂ ಯಾರಾದರೂ ಮಾತಾಡಿಸಿದರೆ ಬಲಗೆನ್ನೆ ಮುಂದೆ ಮಾಡಿ ಕೇಳಿಸಿಕೊಳ್ಳುತ್ತಾಳೆ. ಹೆಂಡತಿಯ ತಮ್ಮನಿಗೂ ದೇವದುರ್ಗದಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಮಗಳೇ ಅವನನ್ನು ಮಾನ್ವಿಗೆ ಕರೆಸಿಕೊಂಡು ಮಿರ್ಚಿ ಬಜ್ಜಿಯ ಬಂಡಿ ಹಾಕಿಸಿಕೊಟ್ಟಳು. ಅವನು ಎಡಗೈಯಿಂದ ಬಜ್ಜಿ ಬಿಡುತ್ತಾನೆ, ಎಡಗೈಯಿಂದ ಕೊಡುತ್ತಾನೆ. ಹೊಸಬರು ಒಬ್ಬಿಬ್ಬರು ಮುಖ ಸಿಂಡರಿಸಿ ಪಕ್ಕದ ಬಂಡಿಗೆ ಹೋಗುತ್ತಾರೆ ಎಂದು ಕೇಳಿದ್ದೆ.

ನಾನು ಅಂಗಡಿಯಲ್ಲೇ ಇದ್ದೆ. ಮಗಳು ಬೇರೆ ಮಾಡಿಟ್ಟ ಸ್ಕ್ರಿಪ್ಟಿನ ಫೈಲನ್ನು ತೆರೆದು ಒಂದೊಂದೇ ಸಾಲು ಓದಿದೆ. ಎಲ್ಲೂ ಅವಳು ತನಗೆ ತಾನೇ ಏನನ್ನೂ ತೀರ್ಮಾನಿಸಿಕೊಂಡಿರಲಿಲ್ಲ. ಪ್ರತಿ ಒತ್ತಿಗೂ ಅಲ್ಲಿ ಕೇಳಿ ಬಾ ಎಂದು ಬರೆದಿದ್ದಳು. ಉತ್ತರ ಬರುವ ತನಕ ಸೀಟು ಹಳದಿ, ಬಂದ ಮೇಲೆ ಹಸಿರು ಅಥವಾ ಕೆಂಪು. ಫೈಲನ್ನು ಸಣ್ಣದು ಮಾಡಲು ಏನು ತೆಗೆಯಬೇಕೆಂದು ಗುರುತನ್ನೂ ಹಾಕಿಟ್ಟಿದ್ದಳು. ಅರ್ಧ ತಾಸಿನ ಕೆಲಸವೂ ಇರಲಿಲ್ಲ. ನಾನೇ ಕೂತು ತೆಗೆದೆ. ಆಮೇಲೆ ದೇವದುರ್ಗದಲ್ಲಿ ಪುಟ ಬಿಳಿಯಾಗಲಿಲ್ಲ, ಯಾವ ಊರಿನಲ್ಲೂ ಒಂದು ಸೀಟು ಇಬ್ಬರಿಗೆ ಹೋಗಲಿಲ್ಲ. ಹೋಗದಿರುವುದಕ್ಕೆ ಜನ ಹೇಳುತ್ತಿದ್ದ ಕಾರಣ ಬೇರೆ. ಆ ಕಳ್ಳ ಹೋದ ಮ್ಯಾಲ ಬುಕಿಂಗ್ ಸುಧಾರಿಸೇದ ಎನ್ನುತ್ತಿದ್ದರು. ನನ್ನ ಕೌಂಟರಿನ ಮುಂದೆಯೇ ಹೇಳುತ್ತಿದ್ದರು. ನಾನು ಟಿಕೆಟು ಕೊಡುತ್ತಿದ್ದೆ.

ಹೋದ ವರ್ಷ ಹೆಂಡತಿ ತೀರಿಕೊಂಡಳು. ಕೊನೆಗೆ ನಾಲಿಗೆ ಒಣಗಿ ನೀರು ಕೇಳುತ್ತಿದ್ದಾಗ ತಮ್ಮ ಬಂದಿದ್ದ. ಎಡಗೈಯಲ್ಲಿ ಲೋಟ ಹಿಡಿದು ಬಗ್ಗಿದ. ಅವಳು ಕಣ್ಣು ತೆರೆದು ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅವನು ಲೋಟವನ್ನು ಮಗಳ ಕೈಗೆ ಕೊಟ್ಟು ಹೊರಗೆ ಹೋಗಿ ಗೇಟಿನ ಹತ್ತಿರ ನಿಂತ. ಮಣ್ಣು ಮಾಡುವವರೆಗೂ ಒಳಗೆ ಬರಲಿಲ್ಲ. ಅವಳು ತಿರುಗಿಸಿದ ಆ ಮುಖಕ್ಕೆ ಕಾರಣ ನಾನೇ. ಆಗಲಾದರೂ ಹೇಳಿದ್ದರೆ ಅವಳಿಗೆ ಕೇಳಿಸುತ್ತಿತ್ತು. ನಾನು ಮಂಚದ ಕಾಲು ಹಿಡಿದುಕೊಂಡು ನಿಂತಿದ್ದೆ.

ದಿನಕರ್ಮಗಳು ಮುಗಿದ ಮೇಲೆ ಮಾನ್ವಿಗೆ ಹೋದೆ. ಬಂಡಿಯ ಮುಂದೆ ಯಾರೂ ಇರಲಿಲ್ಲ. ಎಣ್ಣೆ ಕಾದಿತ್ತು.

"ಬಾ ಮಾವಾ. ಮಿರ್ಚಿ ತಿಂತಿ? ಖಾರ ಅದಾವ, ಈ ವಯಸ್ಸಿನ್ಯಾಗ ತಡಕೊಂತಿಯೋ ಇಲ್ಲೋ."

ನಿಂತೇ ಹೇಳಿದೆ. ಹಳೆಯ ಪುಟ ಹಾಕಿದ್ದು, ಮಗಳು ಬೇಡವೆಂದದ್ದು, ಅವಳಿಗೆ ಹೊಡೆದದ್ದು, ಗಬ್ಬೂರಿನ ಹತ್ತಿರ ನನಗೆ ಎಲ್ಲ ತಿಳಿದದ್ದು, ತಿಳಿದೇ ಅವನಿಗೆ ಹೊಡೆದದ್ದು, ಆಮೇಲೆ ಅಳಿಸಿದ್ದು. ಅವನು ಬಜ್ಜಿ ತಿರುವುತ್ತಲೇ ಇದ್ದ. ಅವು ಕಂದು ಬಣ್ಣ ದಾಟಿ ಕಪ್ಪಾದವು, ಹೊಗೆ ಎದ್ದಿತು.

"ಹಂಗಾರ ಕೂಸು ಖರೇನ ಹೇಳಿತ್ತು" ಎಂದ.

ಬಜ್ಜಿ ತೆಗೆಯುವ ತೂತಿನ ಜಾರಿಯನ್ನು ಎಣ್ಣೆಯಿಂದ ಎತ್ತಿ ನನ್ನ ಮುಖದ ಹತ್ತಿರ ತಂದ. ಅದರ ಬಿಸಿ ಕಣ್ಣಿಗೆ ಹೊಡೆಯುತ್ತಿತ್ತು. ಎಣ್ಣೆ ತೊಟ್ಟುತೊಟ್ಟಾಗಿ ನನ್ನ ಪಾದದ ಮೇಲೆ ಬಿತ್ತು. ಚರ್ಮ ಸುಟ್ಟಿತು. ಕಾಲು ತೆಗೆಯಲಿಲ್ಲ. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ನಮ್ಮಕ್ಕ ಮಾರಿ ತಿರುವಿದಳು ಮಾವಾ. ನೀರು ಕುಡೀಲಿಲ್ಲ ನನ್ನ ಕೈಲೆ. ನೀ ಅಲ್ಲೇ ನಿಂತಿದ್ದಿ."

"ಹಾಕು. ಮಾರಿಗೇ ಹಾಕು" ಎಂದೆ.

ಬಹಳ ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಜಾರಿಯನ್ನು ಬಾಣಲೆಗೆ ಎಸೆದ. ಎಣ್ಣೆ ಸಿಡಿದು ಇಬ್ಬರ ಮೇಲೂ ಬಿತ್ತು.

"ನಿನ್ನ ಸುಟ್ರ ನನ್ನ ಹೆಸರು ಬರ್ತದೇನು? ಇಲ್ಲಿ ನನ್ನ ಮುಂದ ಹೇಳಿ ಏನು ಮಾಡ್ತಿ? ಹೊಡದ ಜಾಗದಾಗ ಹೇಳು. ಆ ಮೇಸ್ತ್ರಿ ಮುಂದ ಹೇಳು."

ಮರುದಿನ ಇಬ್ಬರೂ ದೇವದುರ್ಗಕ್ಕೆ ಹೋದೆವು. ಮೇಸ್ತ್ರಿಗೂ ವಯಸ್ಸಾಗಿದೆ, ಈಗ ತಾನು ಹೋಗದೆ ಗುಂಪುಗಳನ್ನು ಕಳಿಸುತ್ತಾನೆ. ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನಾಲ್ಕಾರು ಜನರ ನಡುವೆ ಕೂತಿದ್ದ. ಪಕ್ಕದಲ್ಲೇ ಆ ಮಳಿಗೆ. ಶಟರು ಅದೇ. ನಾನು ಸ್ಕ್ರಿಪ್ಟು, ಸರ್ವರ್ ಎಂದು ಶುರು ಮಾಡಿದೆ. ಅವನು ಕೈ ಅಲ್ಲಾಡಿಸಿದ.

"ಆ ಕಂಪ್ಯೂಟರ್ ಮಾತು ನಮಗ ತಿಳಿಯಂಗಿಲ್ಲ ಯಜಮಾನ. ಮಂದಿ ಮಾತಿನ್ಯಾಗ ಹೇಳು."

"ನೀವು ರಾಯಚೂರಾಗ ನಿಮ್ಮ ಸೀಟಿಗೆ ಟವಲು ಹಾಕಿದ್ರಿ" ಎಂದೆ. "ಆ ಟವಲು ಇವನ ಕಿಟಕ್ಯಾಗ ಕಾಣಲಿಲ್ಲ. ಕಾಣದಂಗ ಮಾಡಿದಾವ ನಾ. ನನ್ನ ಮಗಳು ಕಾಣೂಹಂಗ ಮಾಡಿದ್ದಳು, ಅದನ್ನ ಕಿತ್ತಿ ಹಾಕಿದೆ. ಇವ ಖಾಲಿ ಕಂಡ ಸೀಟು ಮಾರಿದ. ಒಂದ ಸಲ ಮಾರಿದ. ಆವತ್ತ ನನಗ ಗೊತ್ತಿತ್ತು. ಗೊತ್ತಿದ್ದ ಇವನಿಗೆ ಹೊಡದೆ."

ಮೇಸ್ತ್ರಿ ನನ್ನನ್ನು ನೋಡಿದ, ಹೆಂಡತಿಯ ತಮ್ಮನ ಕೈಯನ್ನು ನೋಡಿದ. ಎದ್ದು ಬಂದು ನನ್ನ ದವಡೆಗೆ ಗುದ್ದಿದ. ಬೆಂಚಿನ ಮೇಲೆ ಬಿದ್ದೆ, ಅಲ್ಲಿಂದ ನೆಲಕ್ಕೆ. ಬಾಯಲ್ಲಿ ಹಲ್ಲೊಂದು ಸಡಿಲವಾಗಿ ರಕ್ತ ತುಂಬಿತು. ಹೊಟ್ಟೆಗೆ ಒದ್ದ. "ನನ್ನ ಬೂಟಿನ ಕೆಳಗ ಇವನ ಕೈ ಇಡಿಸಿದೆಲ್ಲೋ, ಬಾಡಕೋ!" ಎಂದು ಮತ್ತೆ ಒದ್ದ. ಹೆಂಡತಿಯ ತಮ್ಮ ತಡೆಯಲಿಲ್ಲ. ಅವನು ತಡೆಯಬಾರದು ಎಂದು ನಾನೂ ಅಂದುಕೊಂಡೆ. ಚಹಾದವನೇ ಓಡಿಬಂದು ಮೇಸ್ತ್ರಿಯನ್ನು ಹಿಡಿದುಕೊಂಡ.

ಏದುಸಿರು ಬಿಡುತ್ತಾ ನಿಂತ ಮೇಸ್ತ್ರಿಯ ಮುಂದೆ ಹೆಂಡತಿಯ ತಮ್ಮ ಬಂದು ನಿಂತ. ಆಸ್ಪತ್ರೆಯಲ್ಲಿ ನನಗೆ ಕೇಳಿದ್ದನ್ನೇ ಕೇಳಿದ.

"ಹೇಳ್ರಿ. ನಾ ಎರಡು ಸಲ ಮಾರಿದ್ನೇನು?"

ಮೇಸ್ತ್ರಿ ತಲೆ ತಗ್ಗಿಸಿದ. "ಇಲ್ಲಪಾ" ಎಂದ.

"ಜೋರಾಗಿ ಹೇಳ್ರಿ. ಆವತ್ತ ಜೋರಾಗಿ ಒದರಿದ್ರಿ."

"ಮಾರಿಲ್ಲ. ನೀ ಮಾರಿಲ್ಲ. ನಿಂದೇನೂ ತಪ್ಪಿಲ್ಲ."

ಹಣ್ಣಿನ ಬಂಡಿಯವರೂ ರಿಕ್ಷಾದವರೂ ತಿರುಗಿ ನೋಡಿದರು. ಅವನು ಅಲ್ಲೇ ನೆಲದ ಮೇಲೆ, ಆ ಶಟರಿನ ಮುಂದೆ ಕೂತು, ಕಡ್ಡಿಯಂಥ ಬೆರಳುಗಳಲ್ಲಿ ಮುಖ ಮುಚ್ಚಿಕೊಂಡು ದೊಡ್ಡ ದನಿ ತೆಗೆದು ಅತ್ತ. ಅಕ್ಕಾ ಅಕ್ಕಾ ಎಂದು ಅತ್ತ. ಮೇಸ್ತ್ರಿ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಏನು ಮಾಡಬೇಕೆಂದು ತಿಳಿಯದೆ ಚಹಾ ತರಿಸಿದ. ನನಗೆ ಯಾರೂ ಚಹಾ ಕೊಡಲಿಲ್ಲ.

ಮಾನ್ವಿಯ ಬಸ್ಸು ಬಂದಾಗ ಅವನು ಎಲ್ಲರ ಜೊತೆ ಓಡಿ ಎಡಗೈಯಿಂದ ಕಿಟಕಿಯೊಳಗೆ ಟವಲು ಎಸೆದ. ಇಬ್ಬರು ಕೂರುವ ಸೀಟಿಗೆ ಅದು ಅಡ್ಡವಾಗಿ ಬಿತ್ತು. ಹತ್ತಿ ಹೋಗಿ ಕಿಟಕಿಯ ಪಕ್ಕ ಕೂತ. ಉಳಿದ ಜಾಗದಿಂದ ಟವಲು ತೆಗೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅದು ನನಗೋ ಅಲ್ಲವೋ ಎಂದು ನಾನು ಕೇಳಲಿಲ್ಲ. ಕಂಬಿ ಹಿಡಿದು ಅವನ ಪಕ್ಕದಲ್ಲಿ ನಿಂತು ಮಾನ್ವಿಯವರೆಗೆ ಬಂದೆ. ದಾರಿಯಲ್ಲಿ ಹತ್ತಿದವರು ಒಬ್ಬೊಬ್ಬರೂ ಟವಲನ್ನು ನೋಡಿ, ನನ್ನ ರಕ್ತದ ಬಾಯಿಯನ್ನು ನೋಡಿ, ಮುಂದಕ್ಕೆ ಸರಿದು ಹೋದರು.